ಮಸಿ ಎಲ್ಲಿಗೆ ಹೋಗುತ್ತದೆ

ಡೋರ್ಸಿ ಬೆಂಡ್ ಊರಿನಲ್ಲಿ ರೈಫಲ್ ಬಿಚ್ಚಿ ಜೋಡಿಸುವ ವಿಷಯಕ್ಕೆ ಬಂದರೆ ವರ್ನಾ ಹುಡಾಕಳದೇ ಕೊನೆಯ ಮಾತು. ಬಂದೂಕಿನ ಬಗ್ಗೆ ಬಾಯಿಗೆ ಬಂದದ್ದು ಮಾತಾಡುವ ಗಂಡಸರಿಗೆ ಆ ಹೊಳೆಯ ಕಣಿವೆಯಲ್ಲಿ ಬರವಿರಲಿಲ್ಲ. ಜಿಂಕೆ ಬೇಟೆ ಶುರುವಾಗುವ ಸೋಮವಾರ ಶಾಲೆಗೇ ರಜೆ ಕೊಡುವ ಸೀಮೆ ಅದು. ಆದರೂ ವಾದ ಕಾವೇರಿದಾಗ ಯಾರಾದರೊಬ್ಬರು, "ಹಿಂದಿನ ಕೋಣೇಲಿ ವರ್ನಾ ಇದಾಳೆ, ಹೋಗಿ ಕೇಳ್ಕೊಂಡು ಬನ್ರೋ" ಎನ್ನುತ್ತಿದ್ದರು. ಗಡ್ಡ ಬಿಟ್ಟ ದೊಡ್ಡ ದೊಡ್ಡ ಆಳುಗಳು ಟೋಪಿ ಸರಿಮಾಡಿಕೊಂಡು ಹಿಂದಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

ಅದು ರಸ್ ಪೆಟ್ರೆಲ್ಲಾನ ಗುಂಡು ಹಾರಿಸುವ ಕಟ್ಟಡ, ದುಡ್ಡು ಕೊಟ್ಟು ಗುರಿ ಹೊಡೆಯುವ ಜಾಗ. ಉಕ್ಕಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕುರ್ಚಿ ಮೇಜುಗಳ ಗೋದಾಮಾಗಿತ್ತು. ಈಗ ಒಳಗೆ ನಿಂತು ಹೊಡೆಯುವ ಹತ್ತು ಓಣಿಗಳು, ಕೊನೆಯಲ್ಲಿ ಗುಂಡು ಹಿಡಿಯುವ ರಬ್ಬರಿನ ದಿಬ್ಬ, ಮೇಲೆ ಗಾಳಿ ಎಳೆಯುವ ದೊಡ್ಡ ಕೊಳವೆ. ಬಾಡಿಗೆಗೆ ಕೊಡುವ ಬಂದೂಕುಗಳನ್ನು ಶುಚಿ ಮಾಡುವುದು, ನೆಲದ ಮೇಲೆ ಚೆಲ್ಲಿದ ಖಾಲಿ ಹಿತ್ತಾಳೆ ತೋಟಾಗಳನ್ನು ಗುಡಿಸಿ ಡಬ್ಬಕ್ಕೆ ತುಂಬುವುದು ವರ್ನಾಳ ಕೆಲಸ. ಬೆಳಿಗ್ಗೆ ಏಳಕ್ಕೆ ಬಂದರೆ ಮಧ್ಯಾಹ್ನ ಮೂರಕ್ಕೆ ಬಿಡುವು. ಆರು ವರ್ಷದಲ್ಲಿ ಅವಳು ಒಂದು ದಿನವೂ ತಡವಾಗಿ ಬಂದವಳಲ್ಲ.

ಕೇಳಲು ಬಂದವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪಿಸ್ಟನ್ ಇರುವ ರೈಫಲ್ ಶುಚಿಯೋ, ಗ್ಯಾಸು ನೇರವಾಗಿ ಹಿಂದಕ್ಕೆ ಬರುವ ರೈಫಲ್ ಶುಚಿಯೋ? ಯಾವುದು ಕೈಗೆ ಚೆನ್ನ?

"ಗುಂಡು ಹೊರಟ ಮೇಲೆ ನಳಿಗೇಲಿ ಬಿಸಿ ಗ್ಯಾಸು ಉಳಿಯತ್ತಲ್ಲ, ಅದಕ್ಕೆ ಒಂದು ಕೆಲಸ," ಎಂದು ಅವಳು ಶುರುಮಾಡುತ್ತಿದ್ದಳು. "ಖಾಲಿ ತೋಟಾನ ಆಚೆ ಎಸೀಬೇಕು, ಹೊಸದನ್ನ ಒಳಗೆ ತರ್ಬೇಕು. ನೇರದ್ರಲ್ಲಿ ಗ್ಯಾಸು ಸಣ್ಣ ಕೊಳವೇಲಿ ವಾಪಸ್ ಬಂದು, ತೋಟಾ ಹಿಂದೆ ನಿಂತು ಹಿಂದೆ ಮುಂದೆ ಓಡಾಡೋ ಬೋಲ್ಟಿನ ಹೊಟ್ಟೆಗೇ ಊದತ್ತೆ. ಪಿಸ್ಟನ್ ಇರೋದ್ರಲ್ಲಿ ಗ್ಯಾಸು ಮುಂದೇನೇ ನಿಂತು ಒಂದು ಸರಳನ್ನ ತಳ್ಳತ್ತೆ, ಸರಳು ಬೋಲ್ಟನ್ನ ತಳ್ಳತ್ತೆ. ಒಂದು ಅಡುಗೆಮನೆ ಒಳಗೇ ಹೊಗೆ ಬಿಡೋ ಒಲೆ. ಇನ್ನೊಂದು ಜಗಲೀಲಿ ಹಾಕಿರೋ ಒಲೆ."

"ಹಾಗಾದ್ರೆ ಪಿಸ್ಟನ್ನೇ ಶುಚಿ ಅನ್ನು."

"ಬೆರಳು ಹಾಕಿ ನೋಡಯ್ಯ."

ಎರಡೂ ರೈಫಲ್‌ಗಳ ಬೋಲ್ಟುಗಳನ್ನು ಮುಂದಿಟ್ಟು ಅವರ ಬೆರಳನ್ನೇ ಒಳಗೆ ಹಾಕಿಸುತ್ತಿದ್ದಳು. ಒಂದರಲ್ಲಿ ಬೆರಳು ಇದ್ದಿಲಿನಂತೆ ಕಪ್ಪಾಗಿ ಬರುತ್ತಿತ್ತು, ಇನ್ನೊಂದರಲ್ಲಿ ಬರೀ ಎಣ್ಣೆ. ಅವರು ಗೆದ್ದವರಂತೆ ನಗುವಾಗ ಪಿಸ್ಟನ್ನಿನ ಮುಂದಿನ ತುಂಡನ್ನು ಕೈಗೆ ಕೊಡುತ್ತಿದ್ದಳು. ಹಾಲು ಸೀದ ಪಾತ್ರೆಯ ತಳದ ಹಾಗೆ ಅಲ್ಲಿ ಕರಿ ಕಚ್ಚಿಕೊಂಡಿರುತ್ತಿತ್ತು.

"ಮಸಿ ಹುಟ್ಟೋದು ಎರಡ್ರಲ್ಲೂ ಅಷ್ಟೇ. ಎಲ್ಲಿಗೆ ಹೋಗ್ಬೇಕು ಅನ್ನೋದಷ್ಟೇ ಬೇರೆ. ಕೊನೆಗೆ ಎಲ್ಲಾನೂ ನನ್ನ ಮೇಜಿಗೇ ಬರೋದು."

ಈ ವಿದ್ಯೆ ಅವಳಿಗೆ ಬಂದದ್ದು ಸೈನ್ಯದಲ್ಲಿ. ಅಪ್ಪ ಉಕ್ಕಿನ ಕುಲುಮೆಯಲ್ಲಿ ದುಡಿದವನು, ಅಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರ ಶುಕ್ರವಾರ ಆಲೂಗಡ್ಡೆ ಕಡುಬು ಮಾಡಿ ಮಾರುತ್ತಿದ್ದವಳು. ಕಾರ್ಖಾನೆಯವರು ಆಳುಗಳನ್ನು ಕೆಲಸದಿಂದ ತೆಗೆಯತೊಡಗಿದ ವರ್ಷ ಹತ್ತೊಂಬತ್ತರ ವರ್ನಾ ಯಾರಿಗೂ ಹೇಳದೆ ಸೈನ್ಯಕ್ಕೆ ಹೆಸರು ಬರೆಸಿ ಬಂದಳು. ಜರ್ಮನಿಯಲ್ಲಿದ್ದ ತಮ್ಮ ದಂಡಿನ ನೆಲೆಯೊಂದರಲ್ಲಿ ನಾಲ್ಕು ವರ್ಷ ಬಂದೂಕು ರಿಪೇರಿ. ಅಲ್ಲಿದ್ದ ಮೇಲಧಿಕಾರಿ ಹತ್ತಿ ಸುತ್ತಿದ ಕಡ್ಡಿಯನ್ನು ಬೋಲ್ಟಿನ ಸಂದಿಗೆ ತುರುಕಿ ಹೊರಗೆಳೆದು, ಕೂದಲೆಳೆಯಷ್ಟು ಕಪ್ಪು ಕಂಡರೂ ಇಡೀ ಸಾಲನ್ನೇ ಮತ್ತೆ ಬಿಚ್ಚಿಸುತ್ತಿದ್ದ. ವರ್ನಾಳ ಸಾಲಿನಲ್ಲಿ ಅವನ ಕಡ್ಡಿ ಬಿಳಿಯಾಗಿಯೇ ಬರುತ್ತಿತ್ತು. ಜೀವನದಲ್ಲಿ ಅವಳಿಗೆ ಸಿಕ್ಕ ಬಿರುದು ಬಾವಲಿಯೆಲ್ಲ ಅಷ್ಟೇ. ಊರಿಗೆ ಮರಳಿ ರಾನ್‌ನನ್ನು ಮದುವೆಯಾದಳು, ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದಳು, ಮಗಳು ಡೀನಾಳನ್ನು ಸಾಕಿದಳು. ರಾನ್ ಹೃದಯ ನಿಂತು ಸತ್ತ. ಮರುವರ್ಷ ಕಾರ್ಖಾನೆಗೂ ಬೀಗ ಬಿತ್ತು. ಐವತ್ತೈದು ವರ್ಷದ ಹೆಂಗಸಿಗೆ ಕೆಲಸ ಕೊಟ್ಟವನು ರಸ್ ಒಬ್ಬನೇ. ಅವನು ಕೇಳಿದ್ದು ಒಂದೇ ಮಾತು, "ಬೋಲ್ಟ್ ಬಿಚ್ಚಕ್ಕೆ ಬರತ್ತಾ?" ಅವಳು ಅವನ ಮೇಜಿನ ಮೇಲಿದ್ದ ರೈಫಲನ್ನು ಅವನತ್ತ ನೋಡುತ್ತಲೇ ಬಿಚ್ಚಿಟ್ಟಳು.

ಅವಳು ಸೇರಿದ ಆರನೆಯ ವರ್ಷದ ಬೇಸಿಗೆಯಲ್ಲಿ ರಸ್ ಆರು ಹೊಸ ರೈಫಲ್ ತಂದ. ಮೂರು ಪಿಸ್ಟನ್ನಿನವು, ಮೂರು ನೇರದವು, ಆರಕ್ಕೂ ಸೈಲೆನ್ಸರ್. ಹೊಸ ಸಾಮಾನಿನ ಸುದ್ದಿ ಹಬ್ಬಲಿ ಎಂದು ಒಂದು ಉಪಾಯ ಹೂಡಿದ.

"ಎರಡನ್ನ ತಗೋ ವರ್ನಾ. ಒಂದೊಂದಕ್ಕೆ ಸಾವಿರ ಗುಂಡು. ಮಧ್ಯೆ ಒರೆಸೋ ಹಾಗಿಲ್ಲ. ಯಾವುದು ಎಷ್ಟು ಕೊಳೆಯಾಯ್ತು, ಹೊಡೆಯಕ್ಕೆ ಹೇಗಿತ್ತು, ಬರೆದು ಗೋಡೆಗೆ ಹಾಕೋಣ. ನಾನು ಬರೆದ್ರೆ ಮಾರಕ್ಕೆ ಬರೆದ ಅಂತಾರೆ. ನೀನು ಬರೆದ್ರೆ ನಂಬ್ತಾರೆ."

"ಗುಂಡಿನ ಖರ್ಚು ನಿಂದು ತಾನೆ?"

"ಭುಜದ ಖರ್ಚು ನಿಂದು."

ವಾರವಿಡೀ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ, ಮೂರನೆಯ ಓಣಿಯಲ್ಲಿ ನಿಂತು ಅವಳು ಹೊಡೆದಳು. ಸುಳ್ಳೇಕೆ, ಆ ವಾರ ಅವಳಿಗೆ ಹಿತವಾಗಿತ್ತು. ನೇರದ್ದು ಹಗುರ, ಮೂತಿ ಎತ್ತಿದಲ್ಲಿ ನಿಲ್ಲುತ್ತಿತ್ತು, ಒದೆತವೆಂದರೆ ಗೊತ್ತಿರುವವರು ಭುಜಕ್ಕೆ ಕೈಯಿಟ್ಟು ಒಮ್ಮೆ ತಳ್ಳಿದ ಹಾಗೆ. ಪಿಸ್ಟನ್ನಿನದು ಮೂತಿ ಭಾರ, ಒಂದು ಗಂಟೆ ಹಿಡಿದರೆ ಎಡಗೈ ಸೋಲುತ್ತಿತ್ತು. ಗುಂಡು ಹೊರಟ ಮೇಲೆ ಸರಳು ಬಡಿಯುವುದು ಬೇರೆಯಾಗಿಯೇ ಗೊತ್ತಾಗುತ್ತಿತ್ತು, ಒಂದು ಏಟಿನೊಳಗೆ ಇನ್ನೊಂದು ಸಣ್ಣ ಏಟು. ಆದರೆ ನೇರದ್ದಕ್ಕೆ ಸೈಲೆನ್ಸರ್ ಹಾಕಿದಾಗ ಗ್ಯಾಸಿಗೆ ಮುಂದೆ ದಾರಿಯಿಲ್ಲದೆ ಹಿಂದಕ್ಕೇ ನುಗ್ಗಿ ನೆಟ್ಟಗೆ ಮುಖಕ್ಕೆ ರಾಚುತ್ತಿತ್ತು. ಕಣ್ಣು ಉರಿಯುವುದು, ಮೂಗಿನಲ್ಲಿ ನೀರು, ನಾಲಿಗೆಯ ಮೇಲೆ ತಾಮ್ರದ ಕಾಸು ಚೀಪಿದ ರುಚಿ. ಇನ್ನೂರು ಹೊಡೆದು ಕನ್ನಡಕ ತೆಗೆದರೆ ಕಣ್ಣಿನ ಸುತ್ತ ಎರಡು ಬಿಳಿ ಬಳೆ, ಉಳಿದದ್ದೆಲ್ಲ ಬೂದಿ. ಅವಳು ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ತುಂಬುತ್ತಿದ್ದಳು. ಬಿಚ್ಚಿ ತೊಳೆಯುವುದು ಬರಿಗೈಯಲ್ಲಿ. ಕೈಗವಸು ಹಾಕಿಕೊಂಡರೆ ಕರಿ ಎಲ್ಲಿ ಕಚ್ಚಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ ಎನ್ನುವುದು ಅವಳ ಮತ. ಅದೇ ಮೇಜಿನ ಮೂಲೆಯಲ್ಲಿ ಕಾಗದ ಬಿಚ್ಚಿ ಬ್ರೆಡ್ಡು ಮಾಂಸ ತಿನ್ನುತ್ತಿದ್ದಳು.

ಶನಿವಾರ ದಪ್ಪ ಅಕ್ಷರದಲ್ಲಿ ಹಲಗೆ ಬರೆದಳು. ಪಿಸ್ಟನ್: ಬೋಲ್ಟ್ ಶುಚಿ, ತೊಳೆಯಲು ಹನ್ನೆರಡು ನಿಮಿಷ, ಮೂತಿ ಭಾರ. ನೇರದ್ದು: ಬೋಲ್ಟ್ ಹೊಲಸು, ತೊಳೆಯಲು ನಲವತ್ತು ನಿಮಿಷ, ಹೊಡೆಯಲು ಸೊಗಸು. ಕೆಳಗೆ, "ತೊಳೆಯುವವರು ಬೇರೆ ಇದ್ದರೆ ನೇರದ್ದೇ ತಗೊಳ್ಳಿ." ಗಿರಾಕಿಗಳು ಓದಿ ನಕ್ಕರು. ಲೆನ್ ಸ್ಟಾಸ್ಕೊ ಎನ್ನುವ ಮುದುಕ, ಕಲ್ಲಿದ್ದಲ ಗಣಿಯಲ್ಲಿದ್ದು ನಿವೃತ್ತನಾದವನು, ವಾರಕ್ಕೆ ಮೂರು ಸಲ ಬರುವವನು, ಹಲಗೆಯ ಮುಂದೆ ನಿಂತು, "ತೊಳೆಯೋಳು ನೀನಿದೀಯಲ್ಲ ತಾಯಿ, ನಂಗೆ ನೇರದ್ದೇ ಕೊಡು" ಎಂದ. ಎಲ್ಲರೂ ಹಾಗೇ ಅಂದರು. ನೇರದ ಮೂರೂ ದಿನವಿಡೀ ಬಾಡಿಗೆಗೆ ಹೋದವು.

ಮೂರು ಗಂಟೆಗೆ ಕೆಲಸ ಬಿಟ್ಟರೆ ಮೂರೂವರೆಗೆ ವರ್ನಾ ಮಗಳ ಮನೆಯಲ್ಲಿರುತ್ತಿದ್ದಳು. ಡೀನಾಳಿಗೆ ವೃದ್ಧಾಶ್ರಮದಲ್ಲಿ ಮಧ್ಯಾಹ್ನದ ಪಾಳಿ. ಅವಳ ಮಗುವಿನ ಅಪ್ಪ, ಮಗು ಹುಟ್ಟುವ ಮೊದಲೇ ಓಹಾಯೊ ಕಡೆ ಹೋದವನು, ಅಲ್ಲೇ ಉಳಿದಿದ್ದ. ಮಗು ಮೇಸಿಯನ್ನು ಮೂರು ತಿಂಗಳ ಕೂಸಾಗಿದ್ದಾಗಿನಿಂದ ನೋಡಿಕೊಂಡವಳು ಅಜ್ಜಿ. ಅವರ ಕಡೆಯಲ್ಲಿ ಅಜ್ಜಿಗೆ ಬಾಬಾ ಎನ್ನುತ್ತಾರೆ. ಮೇಸಿ ಆಡಿದ ಮೊದಲ ಮಾತೂ ಅದೇ. ಬಾಗಿಲಲ್ಲಿ ವರ್ನಾ ಕಂಡ ಕೂಡಲೇ ತೋಳು ಚಾಚುವುದು, ಎತ್ತಿಕೊಂಡರೆ ಕತ್ತಿನ ಸಂದಿಗೆ ಮುಖ ಒತ್ತುವುದು, ಜಡೆಯ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪುವುದು. ಅವಳ ಬೂದು ಬಣ್ಣದ ಅಂಗಿಯ ಮೇಲೆ ಮಲಗಿ ಒಂದು ಗಂಟೆ ನಿದ್ದೆ. ವರ್ನಾ ಅಲುಗಾಡದೆ ಕೂತಿರುತ್ತಿದ್ದಳು. ಅವಳಿಗೂ ಆಗೀಗ ಕೈಕಾಲಿನ ಗಂಟುಗಳಲ್ಲಿ ನೋವು, ತಲೆಯಲ್ಲಿ ಮಂಕು, ಒಂದೆರಡು ಸಲ ಒಲೆ ಆರಿಸುವುದೇ ಮರೆತಿತ್ತು. ಅರವತ್ತೊಂದು ವರ್ಷವಾಯಿತಲ್ಲ ಎಂದುಕೊಂಡಿದ್ದಳು.

ಎರಡು ತುಂಬಿದ ಮಕ್ಕಳ ರಕ್ತದಲ್ಲಿ ಸೀಸ ನೋಡುವುದು ವಾಡಿಕೆ. ಡಾಕ್ಟರ ಕಡೆಯವರು ಅಕ್ಟೋಬರಿನಲ್ಲಿ ಡೀನಾಳಿಗೆ ಫೋನು ಮಾಡಿದರು. ಸೀಸದ ಅಂಕಿ ಮೂರೂವರೆ ದಾಟಿದರೆ ವಿಚಾರಿಸುತ್ತಾರೆ, ಮೇಸಿಯದು ಇಪ್ಪತ್ತಮೂರು. ಬೆರಳಿನಿಂದ ತೆಗೆದದ್ದು ತಪ್ಪಿರಬಹುದೆಂದು ತೋಳಿನಿಂದ ತೆಗೆದರು. ಇಪ್ಪತ್ತನಾಲ್ಕು ಬಂತು.

ಡೀನಾ ಬಾಡಿಗೆ ಮನೆಯ ಮಾಲೀಕನಿಗೆ ಬಾಯಿಗೆ ಬಂದ ಹಾಗೆ ಬೈದಳು. ನೂರು ವರ್ಷದ ಮನೆ, ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ವರ್ನಾ ಅವಳಿಗಿಂತ ಒಂದು ಕೈ ಮೇಲೆ ಹೋಗಿ, ಭಾನುವಾರ ಮೊಣಕಾಲೂರಿ ಕಿಟಕಿ ಬಾಗಿಲುಗಳನ್ನೆಲ್ಲ ತಿಕ್ಕಿ ತೊಳೆದಳು. ಕೆಲಸದ ಅಂಗಿಯಲ್ಲೇ ತೊಳೆದಳು. ಮನೆಗೆಲಸಕ್ಕೆ ಒಳ್ಳೆಯ ಬಟ್ಟೆ ಯಾಕೆ ಹಾಳುಮಾಡುವುದೆಂದು.

ಜಿಲ್ಲೆಯ ಆರೋಗ್ಯ ಕಚೇರಿಯಿಂದ ಓಡೆಸ್ಸಾ ವಿಗಿನ್ಸ್ ಎನ್ನುವ ನರ್ಸಮ್ಮ ಬಂದಳು. ಕಪ್ಪು ಜನಾಂಗದ ಹೆಂಗಸು, ವರ್ನಾಳದೇ ವಯಸ್ಸು, ಮೆಲು ಮಾತು. ಬಣ್ಣದೊಳಗಿನ ಸೀಸ ಹೇಳುವ ಯಂತ್ರವನ್ನು ಗೋಡೆ ಗೋಡೆಗೆ ಒತ್ತುತ್ತ ಎರಡು ಗಂಟೆ ಮನೆಯೆಲ್ಲ ಸುತ್ತಿದಳು. ಕಿಟಕಿಗಳು ಐದು ವರ್ಷದ ಹಿಂದೆ ಹಾಕಿಸಿದ ಹೊಸವು. ಗೋಡೆ ಸರಿಯಿತ್ತು. ನಲ್ಲಿಯ ನೀರೂ ಸರಿಯಿತ್ತು.

"ಬಣ್ಣ ಅಲ್ಲಮ್ಮ," ಎಂದಳು ಓಡೆಸ್ಸಾ. "ಬಣ್ಣ ಆಗಿದ್ರೆ ನಂಗೂ ಸುಲಭವಾಗ್ತಿತ್ತು. ಮಗೂನ ಯಾರು ನೋಡ್ಕೋತಾರೆ?"

"ನಮ್ಮಮ್ಮ. ಈಗ ಬರೋ ಹೊತ್ತು."

ಹೇಳುವಷ್ಟರಲ್ಲಿ ವರ್ನಾ ಬಂದಳು. ಕೆಲಸದಿಂದ ನೇರ ಬಂದಿದ್ದಳು. ಮೇಸಿ ಓಡಿಬಂದು ಕಾಲು ತಬ್ಬಿದಳು, ವರ್ನಾ ಎತ್ತಿಕೊಂಡಳು, ಮಗು ಜಡೆಯ ತುದಿ ಹುಡುಕಿ ಬಾಯಿಗಿಟ್ಟುಕೊಂಡಿತು. ಓಡೆಸ್ಸಾ ಬರೆಯುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತಿದ್ದಳು.

"ನೀವು ಎಲ್ಲಿ ಕೆಲಸ ಮಾಡೋದು?"

"ಪೆಟ್ರೆಲ್ಲಾನ ಹತ್ರ. ಅಲ್ಲಿರೋ ಬಂದೂಕೆಲ್ಲ ಶುಚಿ ಮಾಡೋಳು ನಾನೇ." ಆ ಮಾತಿನಲ್ಲಿ ಯಾವಾಗಲೂ ಇರುವ ಹೆಮ್ಮೆ ಆಗಲೂ ಇತ್ತು.

"ಗುಡಿಸೋದು?"

"ಅದೂ ನಾನೇ."

"ಪೊರಕೇಲಾ?"

"ಪೊರಕೇಲಿ ಅಲ್ದೆ ಇನ್ನೇನ್ರಲ್ಲಿ ಗುಡಿಸ್ತಾರೆ?"

ಓಡೆಸ್ಸಾ ಪೆನ್ನು ಕೆಳಗಿಟ್ಟಳು. "ಮಗೂನ ಒಂದ್ನಿಮಿಷ ಕೆಳಗಿಳಿಸ್ತೀರಾ?" ಎಂದಳು.

ವರ್ನಾ ಇಳಿಸಿದಳು. ಮೇಸಿ ಮತ್ತೆ ತೋಳು ಚಾಚಿ ಅತ್ತಳು. ಓಡೆಸ್ಸಾ ಒದ್ದೆ ಬಟ್ಟೆಯ ತುಂಡುಗಳನ್ನು ತೆಗೆದು ವರ್ನಾಳ ಅಂಗಿಯ ಎದೆ, ತೋಳು, ಜಡೆಯ ತುದಿ, ಕೈ ಬೆರಳುಗಳನ್ನು ಒಂದೊಂದಾಗಿ ಒರೆಸಿ ಒಂದೊಂದನ್ನೂ ಬೇರೆ ಬೇರೆ ಕೊಳವೆಯೊಳಗಿಟ್ಟಳು. ಆಮೇಲೆ ಹೊರಗೆ ಹೋಗಿ ಕಾರಿನಲ್ಲಿ ಮಗು ಕೂರುವ ಪುಟ್ಟ ಕುರ್ಚಿಯನ್ನು, ಒಳಗೆ ಬಂದು ವರ್ನಾ ಕೂರುವ ಸೋಫಾವನ್ನು ಒರೆಸಿದಳು. ಜರ್ಮನಿಯ ಆ ಮೇಲಧಿಕಾರಿಗಿಂತ ನಿಧಾನವಾಗಿ ಒರೆಸಿದಳು. ಬಟ್ಟೆಗಳೆಲ್ಲ ನೋಡಲು ಹೆಚ್ಚುಕಡಿಮೆ ಬಿಳಿಯಾಗಿಯೇ ಇದ್ದವು.

"ನಾನು ಕೈ ತೊಳ್ಕೊಂಡೇ ಬಂದಿದೀನಿ," ಎಂದಳು ವರ್ನಾ.

"ಗುಂಡಿನ ಹೊಗೇಲಿ, ದೂಳಲ್ಲಿ ಇರೋ ಸೀಸ ಬರೀ ಸೋಪಿಗೆ ಹೋಗಲ್ಲ ತಾಯಿ. ಕಣ್ಣಿಗೂ ಕಾಣಲ್ಲ."

ಹತ್ತು ದಿನದ ಮೇಲೆ ಫಲಿತಾಂಶ ಬಂತು. ಅಂಗಿ, ಜಡೆ, ಕಾರು, ಸೋಫಾ, ಎಲ್ಲದರಲ್ಲೂ ಇತ್ತು. ಓಡೆಸ್ಸಾ ಹೇಳಿ ತೆಗೆಸಿದ್ದ ವರ್ನಾಳ ರಕ್ತದಲ್ಲಿ ನಲವತ್ತಮೂರು.

ಮರುದಿನ ಅವಳು ಏಳಕ್ಕೇ ಕೆಲಸಕ್ಕೆ ಹೋದಳು. ದೀಪ ಹಾಕಿ ಮೂರನೆಯ ಓಣಿಯಲ್ಲಿ ನಿಂತು ಮೇಲಿನ ಕೊಳವೆಗೆ ಒಂದು ತೆಳು ಕಾಗದ ಹಿಡಿದಳು. ಗಾಳಿ ಎಳೆಯುತ್ತಿದ್ದರೆ ಕಾಗದ ಅತ್ತ ವಾಲಬೇಕು. ಅದು ಅವಳ ಕೈಯಲ್ಲಿ ಸುಮ್ಮನೆ ಜೋತುಬಿದ್ದಿತ್ತು. ರಸ್ ಬರುವವರೆಗೂ ಅಲ್ಲೇ ನಿಂತಿದ್ದಳು.

"ಫಿಲ್ಟರ್ ಯಾವಾಗ ಹಾಕಿಸಿದ್ದು?"

ರಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಕಿಸ್ಬೇಕು. ಹೋದ ವರ್ಷ ಗಿರಾಕಿಗಳೇ ಇರ್ಲಿಲ್ವಲ್ಲ."

"ಮೇಸಿ ಮೈಯಲ್ಲಿ ಸೀಸ ಇದೆ ರಸ್. ನನ್ನಿಂದ ಹೋಗಿರೋದು. ನನ್ನ ಮೈಯಲ್ಲಿ ನಲವತ್ತಮೂರು."

ಅವನು ಕುರ್ಚಿ ಎಳೆದು ಕೂತ. ಕೆಟ್ಟ ಮನುಷ್ಯನಲ್ಲ, ರಾನ್ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದವನು. "ನಂದು ಇಪ್ಪತ್ತೊಂಬತ್ತಿತ್ತು," ಎಂದ. "ಎರಡು ವರ್ಷದ ಹಿಂದೆ. ಡಾಕ್ಟರು ಹೇಳಿದ್ರು. ಆಮೇಲೆ ನಾನು ಒಳಗೆ ಜಾಸ್ತಿ ಹೋಗ್ತಿರ್ಲಿಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತಿರತ್ತೆ ಅಂದ್ಕೊಂಡೆ. ನೀನು ಸೈನ್ಯದಲ್ಲಿದ್ದೋಳು. ಎಲ್ಲಾರೂ ಬಂದು ನಿನ್ನೇ ಕೇಳ್ತಿದ್ರಲ್ಲ."

ಬೈಯಲು ಬಂದವಳು ಪಕ್ಕಕ್ಕೆ ತಿರುಗಿದಳು. ಬಚ್ಚಲ ಬಾಗಿಲಿನ ಮೇಲೆ ಒಂದು ಕಾಗದವಿತ್ತು: ಸೀಸ ಇದೆ, ತಿನ್ನುವ ಮುಂಚೆ ಕೈ ತೊಳೆಯಿರಿ. ಅದನ್ನು ಅಂಟಿಸಿದವಳು ಅವಳೇ. ಕಪಾಟಿನಲ್ಲಿ ಮೂಗಿಗೆ ಕಟ್ಟುವ ಮುಸುಕುಗಳ ಡಬ್ಬವಿತ್ತು. ಕನ್ನಡಕದ ಮೇಲೆ ಹಬೆ ಕೂರುತ್ತದೆಂದು ಅವಳು ತೆರೆದಿರಲಿಲ್ಲ. ಆ ಕಾಗದವನ್ನು ಗಿರಾಕಿಗಳಿಗೆ ಎಂದು ಓದಿದ್ದಳು, ತನಗೆ ಎಂದು ಓದಿರಲಿಲ್ಲ.

"ಇವತ್ತೇ ಫಿಲ್ಟರ್ ತರಿಸ್ತೀನಿ," ಎಂದ ರಸ್. "ಬಟ್ಟೆ ತೊಳೆಯೋ ಮಿಷನ್ನೂ ಇಲ್ಲೇ ಹಾಕಿಸ್ತೀನಿ. ನೀನು ಸ್ನಾನ ಮಾಡ್ಕೊಂಡೇ ಮನೆಗೆ ಹೋಗು. ಏನು ಬೇಕು ಹೇಳು ವರ್ನಾ, ಮಾಡ್ತೀನಿ."

ಅವಳು ಬೀಗದ ಕೈ ಮೇಜಿನ ಮೇಲಿಟ್ಟಳು. ಉಪಕರಣಗಳ ಪೆಟ್ಟಿಗೆ ಅವಳದೇ ಸ್ವಂತದ್ದು. ಅದನ್ನೂ ಮುಟ್ಟದೆ ಹೊರಗೆ ಬಂದಳು.

ಆ ಸಂಜೆ ಎಲೆಕೋಸು ಬೆಣ್ಣೆ ಹಾಕಿ ಹಿಟ್ಟಿನ ಎಳೆಗಳ ಪಲ್ಯ ಮಾಡಿ, ಬಿಸಿ ಪಾತ್ರೆ ಹಿಡಿದು ಮಗಳ ಮನೆಗೆ ಹೋದಳು. ಡೀನಾ ಜಾಲರಿ ಬಾಗಿಲನ್ನು ತೆರೆಯದೆ ಅದರ ಹಿಂದೆಯೇ ನಿಂತಳು.

"ಒಳಗೆ ಬರ್ಬೇಡ ಅಮ್ಮ."

"ಕೆಲಸ ಬಿಟ್ಟೆ ಕಣೇ. ಸ್ನಾನ ಮಾಡಿದೀನಿ. ಇದು ಹೊಸ ಅಂಗಿ, ಬೆಲೆ ಚೀಟಿ ಈಗ ತಾನೇ ಕಿತ್ತೆ."

"ತಲೆಗೂದಲು?"

ವರ್ನಾಳ ಕೈ ಜಡೆಗೆ ಹೋಯಿತು.

"ನಾನು ಅವಳಿಗೆ ಹಣ್ಣು ಮೂರು ಸಲ ತೊಳೆದು ಕೊಡ್ತಿದ್ದೆ," ಎಂದಳು ಡೀನಾ. ದನಿ ಏರಿರಲಿಲ್ಲ, ಸುಸ್ತಾದ ದನಿ. "ಬಾಡಿಗೆ ಮನೆಯವನಿಗೆ ನಾಯಿಗೆ ಬೈದ ಹಾಗೆ ಬೈದೆ. ನೀನು ಪಕ್ಕದಲ್ಲಿ ನಿಂತು ಹೌದು ಹೌದು ಅಂತಿದ್ದೆ."

"ಗೊತ್ತಿರ್ಲಿಲ್ಲ ಡೀನಾ."

"ನಿಂಗೆ ಗೊತ್ತಿಲ್ಲದ್ದು ಏನಿದೆ ಬಂದೂಕಿನಲ್ಲಿ?"

ಒಳಗಿನಿಂದ ಮೇಸಿಯ ದನಿ ಬಂತು, ಬಾಬಾ, ಬಾಬಾ. ಡೀನಾ ತಿರುಗಿ ನೋಡಿ ಮರದ ಬಾಗಿಲನ್ನು ಅರ್ಧ ಮುಚ್ಚಿದಳು.

"ಇದನ್ನಾದ್ರೂ ತಗೋ. ಬಿಸಿ ಇದೆ."

"ಅದನ್ನೂ ನಿನ್ನ ಅಡುಗೆಮನೇಲೇ ಮಾಡಿದ್ದಲ್ವಾ?"

ವರ್ನಾ ಪಾತ್ರೆ ಹಿಡಿದುಕೊಂಡೇ ಕಾರಿಗೆ ಮರಳಿದಳು. ಕಾರಿನಲ್ಲಿ ಮಗುವಿನ ಕುರ್ಚಿ ಇನ್ನೂ ಹಾಗೇ ಇತ್ತು. ಅವಳು ಮನೆಗೆ ಹೋಗದೆ ಹೊಳೆದಂಡೆಯಲ್ಲಿ ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು ಆ ಕುರ್ಚಿಯನ್ನು ಬಿಚ್ಚಲು ಹೊರಟಳು. ಕಣ್ಣು ಮುಚ್ಚಿಕೊಂಡು ಬೋಲ್ಟ್ ಬಿಚ್ಚುವ ಕೈಗಳಿಗೆ ಆ ಪ್ಲಾಸ್ಟಿಕ್ ಕೊಂಡಿ ಬಿಚ್ಚಲು ಬರಲಿಲ್ಲ. ಕೊನೆಗೆ ಪಟ್ಟಿಯನ್ನು ಚಾಕುವಿನಿಂದ ಕೊಯ್ದಳು.

ಮುಂದಿನ ವಾರ ಜಡೆ ಕತ್ತರಿಸಿ ತಲೆಯನ್ನು ಗಂಡಸರ ಹಾಗೆ ಮಾಡಿಸಿಕೊಂಡಳು. ಮನೆಯ ಜಮಖಾನ ಸುತ್ತಿ ಹೊರಗೆ ಹಾಕಿಸಿದಳು. ಕಾರು ಮಾರಿದಳು, ಕೊಂಡವನಿಗೆ ಮೊದಲೇ ವಿಷಯ ಹೇಳಿದಳು, ಅವನಿಗೆ ಅದು ತಲೆಗೇ ಹೋಗಲಿಲ್ಲ. ಓಡೆಸ್ಸಾ ಒಮ್ಮೆ ಅವಳ ಮನೆಗೂ ಬಂದು ಒರೆಸಿ ನೋಡಿದಳು.

"ಯಾವಾಗ ಹೋಗತ್ತೆ ಇದು, ನನ್ನ ಮೈಯಿಂದ?"

"ರಕ್ತದಿಂದ ಇಳಿಯತ್ತೆ, ನಿಧಾನಕ್ಕೆ. ಎಲುಬಿಗೆ ಸೇರಿರೋದು ಇಪ್ಪತ್ತು ಮೂವತ್ತು ವರ್ಷ ಇರತ್ತೆ."

"ಅವಳಿಗೂ?"

"ಮಕ್ಕಳಿಗೆ ಬೇಗ ಇಳಿಯತ್ತೆ. ಆದ್ರೆ ಮಿದುಳಿಗೆ ಆಗಿರೋದು..." ಓಡೆಸ್ಸಾ ಕೈಗವಸು ಕಳಚಿದಳು. "ಆಗಿದೆಯೋ ಇಲ್ವೋ ಯಾರಿಗೂ ಹೇಳಕ್ಕಾಗಲ್ಲ. ನಿಮಗೆ ಸುಳ್ಳು ಹೇಳಲ್ಲ ನಾನು."

ಮೇಸಿಯ ಸೀಸ ಡಿಸೆಂಬರಿನಲ್ಲಿ ಹತ್ತೊಂಬತ್ತಕ್ಕೆ, ವಸಂತದಲ್ಲಿ ಹದಿನಾಲ್ಕಕ್ಕೆ ಇಳಿಯಿತು. ಮಾತು ಮಾತ್ರ ಬೆಳೆಯಲಿಲ್ಲ. ಎರಡಕ್ಕೆ ಹನ್ನೆರಡು ಪದವಿದ್ದ ಮಗುವಿಗೆ ಎರಡೂವರೆಗೆ ಹದಿನೈದು. ಕಲಿಸುವವಳೊಬ್ಬಳು ವಾರಕ್ಕೆರಡು ಸಲ ಮನೆಗೆ ಬರತೊಡಗಿದಳು. ಇದನ್ನೆಲ್ಲ ವರ್ನಾಳಿಗೆ ತಿಳಿಸುತ್ತಿದ್ದವಳು ಡೀನಾಳ ಪಕ್ಕದ ಮನೆಯವಳು. ಡೀನಾ ಐದು ತಿಂಗಳು ತಾಯಿಯ ಫೋನು ಎತ್ತಲಿಲ್ಲ.

ಆ ಚಳಿಗಾಲದ ಒಂದು ಶನಿವಾರ ವರ್ನಾ ಪೆಟ್ರೆಲ್ಲಾನ ಕಟ್ಟಡಕ್ಕೆ ಹೋದಳು. ಒಳಗೆ ಕಾಲಿಡಲಿಲ್ಲ. ಹೊರಗೆ, ಕಾರು ನಿಲ್ಲಿಸುವಲ್ಲಿ ನಿಂತು, ಬರುವವರಿಗೆ ಹೋಗುವವರಿಗೆ ಹೇಳಿದಳು: ಅಂಗಿ ಬದಲಾಯಿಸಿ, ಕೂದಲು ತೊಳೆಯಿರಿ, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಿ. ಕೆಲವರು ತಲೆಯಾಡಿಸಿದರು, ಕೆಲವರು ಕಾರಿನ ಗಾಜು ಏರಿಸಿದರು. ರಸ್ ಕಿಟಕಿಯಿಂದ ನೋಡಿದ. ಹೊರಗೆ ಬಂದು ಓಡಿಸಲಿಲ್ಲ.

ಲೆನ್ ಸ್ಟಾಸ್ಕೊ ಬಂದ. "ಏನ್ ತಾಯಿ, ಪಾದ್ರಿ ಆಗ್ಬಿಟ್ಯಾ? ಜಡೆಯೆಲ್ಲಿ?"

ಅವಳು ಹೇಳಿದಳು. ಲೆನ್ ನಕ್ಕ. "ಹೋಗಮ್ಮ. ನಮ್ಮಪ್ಪ ನೆಲಮಾಳಿಗೇಲಿ ಸೀಸ ಕರಗಿಸಿ ತಾನೇ ಗುಂಡು ಎರಕ ಹೊಯ್ಯೋನು. ನಲವತ್ತು ವರ್ಷ ಹೊಯ್ದ. ತೊಂಬತ್ತೊಂದಕ್ಕೆ ಸತ್ತ, ಕಲ್ಲಿನ ಹಾಗಿದ್ದ."

"ಆಗ ನೆಲಮಾಳಿಗೇಲಿ ಆಡ್ತಾ ಇದ್ದೋರು ಯಾರು ಲೆನ್?"

ಲೆನ್‌ನ ನಗು ಅಲ್ಲಿಗೇ ನಿಂತಿತು. ಅವನಿಗೊಬ್ಬಳು ತಂಗಿಯಿದ್ದಳು, ಐರೀನ್. ಓದು ಹತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದೆ, ಐವತ್ತು ವರ್ಷ ಅದೇ ಮನೆಯಲ್ಲಿ ಕೂತಿದ್ದು ಸತ್ತವಳು. ಹುಟ್ಟಿದ್ದೇ ಹಾಗೆ ಎಂದು ಊರೆಲ್ಲ ಅಂದುಕೊಂಡಿತ್ತು. ನಿಜವಾಗಿಯೂ ಹಾಗೆ ಹುಟ್ಟಿದ್ದಳೋ ಏನೋ. ಮಾತು ಬಾಯಿಂದ ಬಿದ್ದ ಮೇಲೆ ವರ್ನಾಳಿಗೆ ಅದನ್ನು ಎತ್ತಿಕೊಳ್ಳಬೇಕೆನಿಸಿತು.

"ಲೆನ್, ನಾನು ಹಾಗಂದದ್ದು..."

ಅವನು ಬಂದೂಕಿನ ಚೀಲವನ್ನು ಹೆಗಲಿಂದ ಹೆಗಲಿಗೆ ಬದಲಾಯಿಸಿಕೊಂಡು, ಒಳಗೂ ಹೋಗದೆ, ಅವಳತ್ತ ನೋಡದೆ ಕಾರಿಗೆ ಮರಳಿದ. ಆಮೇಲೆ ಚರ್ಚಿನಲ್ಲಿ ಸಿಕ್ಕರೂ ಅವನು ಅವಳೊಂದಿಗೆ ಮಾತಾಡಲಿಲ್ಲ. ವರ್ನಾ ಆ ಶನಿವಾರದ ನಂತರ ಅಲ್ಲಿ ನಿಲ್ಲಲು ಹೋಗಲಿಲ್ಲ.

ಶಾಲೆಯ ಊಟದ ಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ ಸಿಕ್ಕಿತು. ಮಾರ್ಚ್ ಕೊನೆಯಲ್ಲಿ ಒಂದು ದಿನ ಡೀನಾಳೇ ಫೋನು ಮಾಡಿದಳು. ಮಗು ನೋಡುತ್ತಿದ್ದವಳು ಕೈಕೊಟ್ಟಿದ್ದಳು, ಪಾಳಿ ತಪ್ಪಿಸಿದರೆ ಕೆಲಸ ಹೋಗುತ್ತಿತ್ತು. "ಬಾ," ಎಂದಳು. "ಬಾಗಿಲ ಹತ್ರ ಚೀಲದಲ್ಲಿ ಬಟ್ಟೆ ಇಟ್ಟಿರ್ತೀನಿ. ಅದನ್ನ ಹಾಕ್ಕೊಂಡೇ ಒಳಗೆ ಬಾ." ವರ್ನಾ ಜಗಲಿಯ ಚಳಿಯಲ್ಲಿ ನಿಂತು ಮಗಳ ಹಳೆಯ ಪೈಜಾಮ ಹಾಕಿಕೊಂಡಳು. ಮೇಸಿ ಮೂಲೆಯಲ್ಲಿ ನಿಂತು ನೋಡಿತು. ಗಂಡಸರ ತಲೆಯ ಈ ಹೆಂಗಸಿನ ಹತ್ತಿರ ಬರಲು ಅದಕ್ಕೆ ಎರಡು ಗಂಟೆ ಬೇಕಾಯಿತು. ಬಂದಾಗಲೂ ಮಡಿಲೇರಲಿಲ್ಲ. ಪಕ್ಕದಲ್ಲಿ ಕೂತು ಒಂದು ಗೊಂಬೆಯನ್ನು ಅವಳ ಮೊಣಕಾಲ ಮೇಲೆ ಇಟ್ಟಿತು.

ಆಮೇಲೆ ಮಂಗಳವಾರಗಳು, ಆಮೇಲೆ ಭಾನುವಾರಗಳೂ ಬಂದವು. ಡೀನಾ ಕ್ಷಮಿಸಿದೆ ಎನ್ನಲಿಲ್ಲ, ವರ್ನಾ ಕೇಳಲೂ ಇಲ್ಲ.

ಮೇಸಿಗೆ ನಾಲ್ಕು ತುಂಬಿದಾಗ ಸೀಸ ಐದಕ್ಕೆ ಬಂದಿತ್ತು. ಎರಡೆರಡು ಪದ ಸೇರಿಸಿ ಮಾತಾಡುತ್ತಿದ್ದಳು. ಸಿಟ್ಟು ಬಂದರೆ ಪದ ಸಿಗದೆ ತಲೆಯನ್ನು ನೆಲಕ್ಕೆ ಬಡಿಯುತ್ತಿದ್ದಳು. ವಿಶೇಷ ಗಮನ ಬೇಕಾದ ಮಕ್ಕಳ ಶಾಲೆಯಲ್ಲಿ ಪರೀಕ್ಷೆಗೆ ದಿನ ಗೊತ್ತಾಯಿತು. ಡೀನಾ ತಾಯಿಯನ್ನೂ ಕರೆದುಕೊಂಡು ಹೋದಳು. ಒಳಗಿನ ಕೋಣೆಯಲ್ಲಿ ಮೇಸಿಯ ಮುಂದೆ ಯಾರೋ ಬಣ್ಣದ ತುಂಡುಗಳನ್ನು ಜೋಡಿಸುತ್ತಿದ್ದರು. ಹೊರಗೆ ಮಕ್ಕಳ ಗಾತ್ರದ ಕುರ್ಚಿಗಳಲ್ಲಿ ಅಮ್ಮ ಮಗಳು ಮಂಡಿ ಮಡಚಿ ಕೂತಿದ್ದರು. ತುಂಬಿಸಲು ಆರು ಪುಟದ ಕಾಗದ ಕೊಟ್ಟಿದ್ದರು. ಹೆರಿಗೆ ಹೇಗಾಯಿತು, ಯಾವಾಗ ನಡೆಯಿತು, ಕಿವಿ ಸೋರಿತ್ತೇ. ಡೀನಾ ಬೇಗ ಬೇಗ ಗೀಚುತ್ತಿದ್ದಳು.

ಮೂರನೆಯ ಪುಟದಲ್ಲಿ, ಮಗುವಿಗೆ ಸೀಸದ ವಿಷ ತಗುಲಿತ್ತೇ ಎಂದಿತ್ತು. ಹೌದು ಎಂದು ಗುರುತು ಹಾಕಿದಳು. ಕೆಳಗೆ ಒಂದು ಗೆರೆ: ಎಲ್ಲಿಂದ? ಡೀನಾಳ ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದಳು: ಅಜ್ಜಿ.

ವರ್ನಾ ಪಕ್ಕದಲ್ಲೇ ಇದ್ದಳು. ಓದದೆ ಇರಲು ಆಗಲಿಲ್ಲ. ಎದುರಿನ ಗೋಡೆಯ ಮೇಲೆ ಮಕ್ಕಳು ಅಂಟಿಸಿದ್ದ ಕಾಗದದ ಎಲೆಗಳನ್ನು ನೋಡುತ್ತ ಕೂತಳು. ಡೀನಾ ಕತ್ತೆತ್ತಿ ತಾಯಿಯ ಮುಖ ನೋಡಿದಳು, ಮತ್ತೆ ಕಾಗದ ನೋಡಿದಳು. ಬರೆದದ್ದನ್ನು ಹೊಡೆದುಹಾಕಲಿಲ್ಲ. ಅದರ ಮುಂದೆ ಇನ್ನೊಂದಿಷ್ಟು ಸೇರಿಸಿದಳು: ಅಜ್ಜಿಯ ಕೆಲಸದ ಜಾಗ.

ಪುಟ ತಿರುಗಿಸಿ, "ಅವಳು ಮೊದ್ಲು ಕೂತಿದ್ದು ಆರು ತಿಂಗಳಿಗಾ, ಏಳಕ್ಕಾ?" ಎಂದು ಕೇಳಿದಳು.

"ಆರಕ್ಕೆ," ಎಂದಳು ವರ್ನಾ. "ನಿನ್ನ ಅಡುಗೆಮನೆ ನೆಲದ ಮೇಲೆ. ನೀನು ಕೆಲಸಕ್ಕೆ ಹೋಗಿದ್ದೆ."

ಡೀನಾ ಆರು ಎಂದು ಬರೆದಳು.